ಹಳೆಯ ಮನೆಗಳ ಗಾಜಿನ ಹೂದಾನಿಗಳು: ಗುರುತಿಸುವ ಬಗೆ, ಬೆಲೆ ಕಟ್ಟುವ ಕ್ರಮ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ಹಳೆಯ ತೊಟ್ಟಿಮನೆಗಳು ಒಂದೊಂದಾಗಿ ನೆಲಕ್ಕುರುಳಿ, ಅವುಗಳ ಜಾಗದಲ್ಲಿ ತಾರಸಿ ಮನೆಗಳೂ ಅಂಗಡಿ ಮಳಿಗೆಗಳೂ ಏಳುತ್ತಿವೆ. ಮನೆ ಕೆಡಹುವ ಸಂದರ್ಭದಲ್ಲಿ ತೇಗದ ಕಂಬ, ಬೀಟೆಯ ಪೆಟ್ಟಿಗೆ, ಹಿತ್ತಾಳೆಯ ಹಂಡೆ, ಕೆತ್ತನೆಯ ಬಾಗಿಲು ಇವುಗಳ ಬೆಲೆ ಮನೆಯವರಿಗೂ ಗೊತ್ತು, ಕೊಳ್ಳುವ ವರ್ತಕರಿಗೂ ಗೊತ್ತು. ಆದರೆ ಗೋಡೆಯ ಗೂಡಿನಲ್ಲೋ ಅಟ್ಟದ ಪೆಟ್ಟಿಗೆಯಲ್ಲೋ ಉಳಿದಿರುವ ಗಾಜಿನ ಹೂದಾನಿಯ ವಿಷಯ ಹಾಗಲ್ಲ. ಅದು ಒಂದೋ ಒಡೆದ ಸೀಸೆಗಳ ಜೊತೆ ಗುಜರಿಯ ತಕ್ಕಡಿಗೆ ಹೋಗುತ್ತದೆ, ಇಲ್ಲವೇ ಅಂತರಜಾಲದಲ್ಲಿ ಕಂಡ ಯಾವುದೋ ಚಿತ್ರವನ್ನು ನಂಬಿ ಲಕ್ಷಗಟ್ಟಲೆ ಬೆಲೆ ಹೇಳುವುದಕ್ಕೆ ಕಾರಣವಾಗುತ್ತದೆ. ಮೊದಲನೆಯದರಿಂದ ಮಾರುವವನಿಗೆ ನಷ್ಟ, ಎರಡನೆಯದರಿಂದ ವ್ಯವಹಾರವೇ ಕುದುರುವುದಿಲ್ಲ.

ಹಳೆಯ ಪೀಠೋಪಕರಣಗಳ ವ್ಯಾಪಾರಿಗಳು, ಗುಜರಿ ವರ್ತಕರು, ಕಬಿನಿ ತೀರದ ವಿಶ್ರಾಂತಿಧಾಮಗಳಿಗೆ ಅಲಂಕಾರ ಸಾಮಗ್ರಿ ಒದಗಿಸುವವರು, ಉಡುಗೊರೆ ವಸ್ತುಗಳ ಅಂಗಡಿಯವರು ಮತ್ತು ಪಿತ್ರಾರ್ಜಿತ ವಸ್ತುಗಳನ್ನು ಪಾಲು ಮಾಡಿಕೊಳ್ಳಬೇಕಾದ ಕುಟುಂಬಗಳು, ಇವರೆಲ್ಲರಿಗೂ ಈ ತಿಳಿವಳಿಕೆ ಉಪಯುಕ್ತ. ಗಾಜನ್ನು ಗುರುತಿಸುವುದು ಮಂತ್ರವಿದ್ಯೆಯಲ್ಲ. ಹೊಗೆಸೊಪ್ಪಿನ ಹರಾಜು ಕಟ್ಟೆಯಲ್ಲಿ ಎಲೆಯ ಬಣ್ಣ, ಮೈಕಟ್ಟು, ಕಲೆಗಳನ್ನು ನೋಡಿ ದರ್ಜೆ ನಿರ್ಧರಿಸುವ ಅಭ್ಯಾಸ ಈ ಭಾಗದ ವರ್ತಕರಿಗೆ ಹೊಸದೇನಲ್ಲ. ಅದೇ ಕಣ್ಣು, ಅದೇ ಕೈ ಇಲ್ಲಿಯೂ ಬೇಕು. ನೋಡಬೇಕಾದ ಲಕ್ಷಣಗಳು ಮಾತ್ರ ಬೇರೆ.

ಈ ಗಾಜು ಬಂದ ದಾರಿ

19ನೆಯ ಶತಮಾನದ ಕೊನೆಯಲ್ಲಿ ಮತ್ತು 20ನೆಯ ಶತಮಾನದ ಮೊದಲ ದಶಕಗಳಲ್ಲಿ ಭಾರತಕ್ಕೆ ಅಲಂಕಾರದ ಗಾಜು ಬಹುಮಟ್ಟಿಗೆ ಹೊರದೇಶಗಳಿಂದ ಬರುತ್ತಿತ್ತು. ಅಂದಿನ ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯಕ್ಕೆ ಸೇರಿದ್ದ ಬೊಹೀಮಿಯ, ಜರ್ಮನಿ, ಬೆಲ್ಜಿಯಂ ಮತ್ತು ಇಂಗ್ಲೆಂಡ್ ಮುಖ್ಯ ಮೂಲಗಳು. 1914ರಲ್ಲಿ ಮೊದಲನೆಯ ಮಹಾಯುದ್ಧ ಆರಂಭವಾದಾಗ ಆಸ್ಟ್ರಿಯಾ ಮತ್ತು ಜರ್ಮನಿಯ ಸರಕು ನಿಂತಿತು, ಆ ಸ್ಥಾನವನ್ನು ಜಪಾನ್ ಬಹುಬೇಗ ಆಕ್ರಮಿಸಿತು. ಬರ್ಮಿಂಗ್‌ಹ್ಯಾಮಿನ ಆಸ್ಲರ್ ಸಂಸ್ಥೆ 19ನೆಯ ಶತಮಾನದಲ್ಲಿಯೇ ಕಲ್ಕತ್ತೆಯಲ್ಲಿ ಮಳಿಗೆ ತೆರೆದು, ಭಾರತದ ಅರಮನೆಗಳಿಗೆ ತೂಗುದೀಪಗಳನ್ನೂ ಗಾಜಿನ ಸಾಮಾನುಗಳನ್ನೂ ಒದಗಿಸುತ್ತಿತ್ತು.

ಈ ನಾಲ್ಕು ತಾಲ್ಲೂಕುಗಳ ಮನೆಗಳಿಗೆ ಇಂತಹ ವಸ್ತುಗಳು ಬರಲು ಹಲವು ದಾರಿಗಳಿದ್ದವು. ಮೈಸೂರು ನಗರ ಹತ್ತಿರದಲ್ಲಿತ್ತು. 1897ರ ಬೆಂಕಿ ಅನಾಹುತದ ಅನಂತರ ಕಟ್ಟಲಾರಂಭಿಸಿ 1912ರಲ್ಲಿ ಪೂರ್ಣಗೊಂಡ ಅರಮನೆಯು ವಿದೇಶಿ ಗಾಜಿನ ಅಲಂಕಾರವನ್ನು ಅನುಕೂಲಸ್ಥರ ಕಣ್ಣಿಗೆ ತೋರಿಸಿತು. ದಸರಾ ವಸ್ತುಪ್ರದರ್ಶನ ಕೊಳ್ಳುವ ರುಚಿಯನ್ನು ಬೆಳೆಸಿತು. ಹುಣಸೂರು ಮತ್ತು ಪಿರಿಯಾಪಟ್ಟಣಗಳು ಮೈಸೂರು-ಮಡಿಕೇರಿ ಹೆದ್ದಾರಿಯ ಮೇಲಿರುವುದರಿಂದ ಕೊಡಗಿನ ಕಾಫಿ ತೋಟಗಳ ಸಂಪರ್ಕ ಸದಾ ಇತ್ತು. ಐರೋಪ್ಯ ತೋಟಗಾರರು ಊರು ಬಿಡುವಾಗ ಮನೆಯ ಸಾಮಾನು ಮಾರಿ ಹೋಗುವುದು ವಾಡಿಕೆಯಾಗಿತ್ತು. ಎಡತೊರೆ ಸೀಮೆಯ ಕೃಷ್ಣರಾಜನಗರಕ್ಕೆ ಮೈಸೂರು-ಅರಸೀಕೆರೆ ರೈಲುಮಾರ್ಗದ ಅನುಕೂಲ ದೊರೆಯಿತು. ಹೆಗ್ಗಡದೇವನಕೋಟೆಯ ಕಾಕನಕೋಟೆ ಅರಣ್ಯದಲ್ಲಿ ನಡೆಯುತ್ತಿದ್ದ ಖೆಡ್ಡಾಗಳಿಗೆ ಮಹಾರಾಜರ ವಿದೇಶಿ ಅತಿಥಿಗಳು ಬರುತ್ತಿದ್ದರು. ಆದರೆ ‘ಅರಮನೆಯಿಂದ ಬಂದದ್ದು’, ‘ಖೆಡ್ಡಾದಲ್ಲಿ ದೊರೆ ಕೊಟ್ಟದ್ದು’ ಎಂಬ ಮನೆಮಾತು ದಾಖಲೆಯಿಲ್ಲದೆ ಬೆಲೆಯನ್ನು ಹೆಚ್ಚಿಸುವುದಿಲ್ಲ ಎಂಬುದನ್ನು ಮಾರುವವರೂ ಕೊಳ್ಳುವವರೂ ನೆನಪಿನಲ್ಲಿಡಬೇಕು.

ಅದು ಹೂದಾನಿಯೇ?

ಮೊದಲು ಕೇಳಬೇಕಾದ ಪ್ರಶ್ನೆ ಇದು. ಹೂದಾನಿಯೆಂದು ಮನೆಯಲ್ಲಿ ಕರೆಯುವ ಎಷ್ಟೋ ವಸ್ತುಗಳು ಹೂದಾನಿಗಳಲ್ಲ. ತಳವಿಲ್ಲದೆ ಚೂಪಾಗಿ ಕೊನೆಗೊಳ್ಳುವ ತುತ್ತೂರಿಯಾಕಾರದ ಗಾಜು ಮೇಜಿನ ಮಧ್ಯದಲ್ಲಿಡುವ ದೊಡ್ಡ ಅಲಂಕಾರದ ಒಂದು ಬಿಡಿ ಕೊಂಬಾಗಿರಬಹುದು, ಅದನ್ನು ಸಿಕ್ಕಿಸುವ ಹಿತ್ತಾಳೆಯ ಪೀಠ ಕಳೆದುಹೋಗಿರಬಹುದು. ಎರಡೂ ಕಡೆ ಬಾಯಿ ತೆರೆದಿರುವ ಗಾಜು ದೀಪದ ಚಿಮಣಿ ಅಥವಾ ಗಾಳಿತಡೆ. ತಳದಲ್ಲಿ ರಂಧ್ರವಿದ್ದರೆ ದೀಪಕಂಬದ ಭಾಗವಾಗಿದ್ದಿರಬಹುದು. ಕಿರುಗೊರಳಿನ, ಬಾಯಲ್ಲಿ ಲೋಹದ ಸಿಬಿರೆಯಿರುವ ಸಣ್ಣ ವಸ್ತು ಪನ್ನೀರುದಾನಿ.

ಎಲ್ಲಕ್ಕಿಂತ ಮುಖ್ಯವಾದದ್ದು ಹುಕ್ಕಾದ ಬುಡ. ಗಂಟೆಯಾಕಾರದ ಅಥವಾ ಗುಂಡನೆಯ ಹೊಟ್ಟೆ, ಕಿರಿದಾದ ಕೊರಳು, ಕೊರಳಿನ ಸುತ್ತ ಉಬ್ಬಿದ ಬಳೆ, ಮೈಮೇಲೆ ಚಿನ್ನದ ಹೂಬಳ್ಳಿ ಇದ್ದರೆ ಅದು 18ನೆಯ ಶತಮಾನದ ಭಾರತೀಯ ಹುಕ್ಕಾಬುಡವಾಗಿರುವ ಸಾಧ್ಯತೆಯಿದೆ. ಅಂತಹ ವಸ್ತುವಿನ ಬೆಲೆ ಸಾಮಾನ್ಯ ಹೂದಾನಿಯ ಬೆಲೆಗೆ ಹೋಲಿಸುವಂತಹುದಲ್ಲ. ತಜ್ಞರಿಗೆ ತೋರಿಸದೆ ಅದನ್ನು ಕೈಬಿಡಬಾರದು.

ತಯಾರಿಕೆಯ ಕುರುಹುಗಳು

ಗಾಜಿನ ಪಾತ್ರೆಗಳನ್ನು ಮುಖ್ಯವಾಗಿ ಮೂರು ಬಗೆಯಲ್ಲಿ ತಯಾರಿಸಲಾಗುತ್ತದೆ. ಮೊದಲನೆಯದು ಕೊಳವೆಯ ತುದಿಯಲ್ಲಿ ಕರಗಿದ ಗಾಜನ್ನು ತೆಗೆದುಕೊಂಡು ಬಾಯಿಂದ ಊದಿ ರೂಪ ಕೊಡುವುದು. ಎರಡನೆಯದು ಅಚ್ಚಿನೊಳಗೆ ಊದುವುದು. ಮೂರನೆಯದು ಕರಗಿದ ಗಾಜನ್ನು ಲೋಹದ ಅಚ್ಚಿಗೆ ಹಾಕಿ ಒತ್ತುವುದು. ಒತ್ತುಗಾಜಿನ ಯಂತ್ರವಿಧಾನ 1820ರ ದಶಕದಲ್ಲಿ ಅಮೆರಿಕದಲ್ಲಿ ಬೆಳೆದು ಬಳಿಕ ಯೂರೋಪಿಗೆ ಹರಡಿತು.

ಕೈಯಿಂದ ಊದಿದ ಹೂದಾನಿಯನ್ನು ತಲೆಕೆಳಗು ಮಾಡಿದರೆ ತಳದ ನಡುವೆ ಒಂದು ಗಾಯದ ಗುರುತು ಕಾಣುತ್ತದೆ. ಬಾಯಿಯ ಕೆಲಸ ಮುಗಿಸುವಾಗ ಪಾತ್ರೆಯನ್ನು ಹಿಡಿದುಕೊಳ್ಳಲು ಅಂಟಿಸಿದ್ದ ಕಬ್ಬಿಣದ ಸರಳನ್ನು ಮುರಿದು ತೆಗೆದ ಜಾಗವದು. ಅದಕ್ಕೆ ಪಾಂಟಿಲ್ ಗುರುತು ಎನ್ನುತ್ತಾರೆ. ಒಳ್ಳೆಯ ಕಾರ್ಖಾನೆಗಳು ಅದನ್ನು ಉಜ್ಜಿ ನಯಗೊಳಿಸುತ್ತಿದ್ದವು, ಆಗ ಅಲ್ಲಿ ನುಣುಪಾದ ಸಣ್ಣ ತಗ್ಗು ಉಳಿದಿರುತ್ತದೆ. ಅಚ್ಚಿನಲ್ಲಿ ಮಾಡಿದ ವಸ್ತುವಿನ ಮೈಮೇಲೆ ಅಚ್ಚಿನ ಹೋಳುಗಳು ಕೂಡಿದ ಕಡೆ ನೇರವಾದ ಸಣ್ಣ ಏಣು ಕೈಗೆ ತಗಲುತ್ತದೆ. ಒಳಮೈಯನ್ನೂ ಮುಟ್ಟಿ ನೋಡಬೇಕು. ಹೊರಗಿನ ಉಬ್ಬುತಗ್ಗಿಗೆ ಅನುಗುಣವಾಗಿ ಒಳಗೂ ಉಬ್ಬುತಗ್ಗಿದ್ದರೆ ಅದು ಅಚ್ಚಿನಲ್ಲಿ ಊದಿದ್ದು. ಹೊರಗೆ ಚಿತ್ತಾರವಿದ್ದು ಒಳಗೆ ಪೂರ್ತಿ ನಯವಾಗಿದ್ದರೆ ಒತ್ತುಗಾಜು ಇಲ್ಲವೇ ಸಾಣೆ ಹಿಡಿದ ಗಾಜು. ಸಾಣೆ ಹಿಡಿದ ಗೆರೆಗಳ ಅಂಚು ಬೆರಳಿಗೆ ಚುಚ್ಚುವಷ್ಟು ಹರಿತ, ಒತ್ತುಗಾಜಿನ ಅಂಚು ಮೊಂಡು.

ಗಾಳಿಗುಳ್ಳೆಗಳಿದ್ದರೆ ಹಳೆಯದು ಎಂಬ ನಂಬಿಕೆ ಸರಿಯಲ್ಲ. ಇಂದಿನ ಕೈಕೆಲಸದ ಗಾಜಿನಲ್ಲಿಯೂ ಗುಳ್ಳೆಗಳಿರುತ್ತವೆ, ಹಳೆಯ ಉತ್ತಮ ಗಾಜಿನಲ್ಲಿ ಒಂದೂ ಇಲ್ಲದಿರಬಹುದು. ಹಾಗೆಯೇ ಪಾಂಟಿಲ್ ಗುರುತು ಕೈಕೆಲಸಕ್ಕೆ ಸಾಕ್ಷಿಯೇ ಹೊರತು ವಯಸ್ಸಿಗೆ ಸಾಕ್ಷಿಯಲ್ಲ.

ವಯಸ್ಸಿಗೆ ಹೆಚ್ಚು ನಂಬಿಕೆಯ ಸಾಕ್ಷಿ ತಳದ ಸವೆತ. ಐವತ್ತು, ನೂರು ವರ್ಷ ಮೇಜಿನ ಮೇಲೆ, ಗೂಡಿನ ಕಲ್ಲಿನ ಮೇಲೆ ಇಟ್ಟು ತೆಗೆದ ವಸ್ತುವಿನ ತಳದಲ್ಲಿ ನೆಲಕ್ಕೆ ತಾಗುವ ಅಂಚಿನಲ್ಲಷ್ಟೇ ಗೀರುಗಳಿರುತ್ತವೆ. ಭೂತಗನ್ನಡಿಯಲ್ಲಿ ನೋಡಿದರೆ ಅವು ಉದ್ದ, ಆಳ, ದಿಕ್ಕುಗಳಲ್ಲಿ ಒಂದಕ್ಕೊಂದು ಹೋಲುವುದಿಲ್ಲ. ಉಪ್ಪುಕಾಗದ ಹಿಡಿದು ಮಾಡಿದ ಸವೆತವಾದರೆ ಗೀರುಗಳು ಒಂದೇ ದಿಕ್ಕಿನಲ್ಲಿ, ಒಂದೇ ಆಳದಲ್ಲಿ, ನೆಲಕ್ಕೆ ತಾಗದ ಕಡೆಯೂ ಇರುತ್ತವೆ.

ಸೀಸದ ಗಾಜನ್ನು ತೂಗಿ ತಿಳಿಯುವುದು

ಇಂಗ್ಲೆಂಡಿನಲ್ಲಿ ಜಾರ್ಜ್ ರೇವನ್ಸ್‌ಕ್ರಾಫ್ಟ್ 1670ರ ದಶಕದಲ್ಲಿ ಸೀಸ ಬೆರೆಸಿದ ಗಾಜನ್ನು ಬೆಳಕಿಗೆ ತಂದನು. ಈ ಗಾಜು ಹೆಚ್ಚು ಹೊಳೆಯುತ್ತದೆ, ಸಾಣೆಗೆ ಚೆನ್ನಾಗಿ ಒಗ್ಗುತ್ತದೆ, ಉಗುರಿನಿಂದ ಮೆಲ್ಲನೆ ತಟ್ಟಿದರೆ ಗಂಟೆಯಂತೆ ದೀರ್ಘವಾಗಿ ನಾದ ಕೊಡುತ್ತದೆ. ನಾದ ಬೇಗನೆ ಅಡಗಿದರೆ ಸಾಮಾನ್ಯ ಗಾಜಾಗಿರಬಹುದು, ಅಥವಾ ಕಣ್ಣಿಗೆ ಕಾಣದ ಬಿರುಕಿರಬಹುದು.

ಇದಕ್ಕಿಂತ ಖಚಿತವಾದ ಪರೀಕ್ಷೆ ಪ್ರತಿಯೊಂದು ಅಂಗಡಿಯಲ್ಲಿರುವ ವಿದ್ಯುನ್ಮಾನ ತಕ್ಕಡಿಯಿಂದಲೇ ಸಾಧ್ಯ. ಸಾಮಾನ್ಯ ಗಾಜಿನ ಸಾಂದ್ರತೆ ಸುಮಾರು 2.5. ಸೀಸ ಹೆಚ್ಚಿರುವ ಗಾಜಿನದು 3 ಅಥವಾ ಅದಕ್ಕೂ ಹೆಚ್ಚು. ಹೂದಾನಿಯನ್ನು ಮೊದಲು ಒಣಗಿದ್ದಾಗ ತೂಗಬೇಕು. ಅನಂತರ ನೀರು ತುಂಬಿದ ಪ್ಲಾಸ್ಟಿಕ್ ಬಕೆಟ್ಟನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ಹೊಂದಿಸಿ, ಹೂದಾನಿಯನ್ನು ದಾರದಿಂದ ಹಿಡಿದು, ಒಳಗೂ ನೀರು ತುಂಬುವಂತೆ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಪೂರ್ತಿ ಮುಳುಗಿಸಬೇಕು. ತಕ್ಕಡಿ ತೋರಿಸುವ ಗ್ರಾಮುಗಳು ಹೂದಾನಿ ಪಲ್ಲಟಿಸಿದ ನೀರಿನ ತೂಕ. ಒಣ ತೂಕ 900 ಗ್ರಾಂ ಇದ್ದು ತಕ್ಕಡಿ 360 ಗ್ರಾಂ ತೋರಿಸಿದರೆ ಸಾಂದ್ರತೆ 2.5, ಅಂದರೆ ಸಾಮಾನ್ಯ ಗಾಜು. 300 ಗ್ರಾಂ ತೋರಿಸಿದರೆ ಸಾಂದ್ರತೆ 3, ಅಂದರೆ ಸೀಸದ ಗಾಜು. ಅಂಟು ಹಾಕಿ ದುರಸ್ತಿ ಮಾಡಿದ, ಲೋಹದ ಕಟ್ಟು ಇರುವ ಅಥವಾ ಬಣ್ಣ ಉದುರುತ್ತಿರುವ ವಸ್ತುಗಳ ಮೇಲೆ ಈ ಪರೀಕ್ಷೆ ಮಾಡಬಾರದು.

ಬಣ್ಣ ಮತ್ತು ಅಲಂಕಾರ

ಬೊಹೀಮಿಯದ ಗಾಜಿನ ಹೆಸರಾಂತ ಲಕ್ಷಣ ಎರಡು ಪದರಗಳ ಕೆಲಸ. ಬಣ್ಣವಿಲ್ಲದ ಗಾಜಿನ ಮೇಲೆ ಕೆಂಪು, ನೀಲಿ ಅಥವಾ ಹಾಲುಬಿಳುಪಿನ ಪದರ ಕೂರಿಸಿ, ಮೇಲಿನ ಪದರವನ್ನು ಸಾಣೆಯಿಂದ ಕತ್ತರಿಸಿ ಕೆಳಗಿನದು ಕಾಣುವಂತೆ ಮಾಡುತ್ತಿದ್ದರು. ನಿಜವಾದ ಪದರಗಾಜಿನಲ್ಲಿ ಕತ್ತರಿಸಿದ ಅಂಚಿನ ಬಳಿ ಬಣ್ಣದ ದಪ್ಪ ಸ್ಪಷ್ಟವಾಗಿ ಕಾಣುತ್ತದೆ. ಅಗ್ಗದ ಅನುಕರಣೆಯಲ್ಲಿ ಬಣ್ಣ ಮೇಲೆ ಬಳಿದ ತೆಳು ಲೇಪ ಮಾತ್ರ, ಉಗುರಿನಿಂದ ಕೆರೆದರೂ ಏಳಬಹುದು.

ತಿಳಿ ಹಳದಿ ಅಥವಾ ಹಳದಿ ಮಿಶ್ರಿತ ಹಸಿರು ಗಾಜು ಕಂಡರೆ ನೇರಳಾತೀತ ಟಾರ್ಚಿನಿಂದ ಕತ್ತಲಲ್ಲಿ ನೋಡಬೇಕು. ನೋಟು ಪರೀಕ್ಷಿಸಲು ಅಂಗಡಿಗಳಲ್ಲಿ ಬಳಸುವ ನೇರಳಾತೀತ ದೀಪವೂ ಆಗುತ್ತದೆ. ಗಾಢವಾದ ಹಸಿರು ಹೊಳಪು ಕಂಡರೆ ಅದು ಯುರೇನಿಯಂ ಬೆರೆಸಿದ ಗಾಜು. ಬೊಹೀಮಿಯದ ಯೋಸೆಫ್ ರೀಡೆಲ್ 1830ರ ದಶಕದಲ್ಲಿ ಇದನ್ನು ಜನಪ್ರಿಯಗೊಳಿಸಿದನು. ಇಂತಹ ಗಾಜನ್ನು ಇತ್ತೀಚೆಗೂ ತಯಾರಿಸಿರುವುದರಿಂದ ಹೊಳಪು ಮಾತ್ರವೇ ಹಳೆಯದೆನ್ನಲು ಸಾಲದು. ಅಲಂಕಾರಕ್ಕೆ ಇಟ್ಟುಕೊಳ್ಳಲು ಭಯಪಡಬೇಕಾಗಿಲ್ಲವಾದರೂ ಆಹಾರ, ಪಾನೀಯಗಳಿಗೆ ಬಳಸದಿರುವುದು ಲೇಸು. ಇದೇ ದೀಪ ಅಂಟು ಹಾಕಿದ ದುರಸ್ತಿಯನ್ನೂ ಎಷ್ಟೋ ಸಲ ತೋರಿಸಿಕೊಡುತ್ತದೆ.

ಮುದ್ರೆಗಳು ಹೇಳುವುದೇನು

ಹಳೆಯ ಗಾಜಿನಲ್ಲಿ ಹೆಚ್ಚಿನದಕ್ಕೆ ಮುದ್ರೆಯೇ ಇರುವುದಿಲ್ಲ. ಇದ್ದರೆ ಅದು ಕಾಲವನ್ನು ಬಿಗಿಯಾಗಿ ಹಿಡಿದುಕೊಡುತ್ತದೆ. ಬ್ರಿಟಿಷ್ ಒತ್ತುಗಾಜಿನ ಮೇಲೆ ವಜ್ರಾಕೃತಿಯ ನೋಂದಣಿ ಗುರುತಿದ್ದರೆ ಆ ವಿನ್ಯಾಸ 1842 ಮತ್ತು 1883ರ ನಡುವೆ ನೋಂದಣಿಯಾದದ್ದು. 1884ರಿಂದ ‘ಆರ್‌ಡಿ’ ಎಂಬ ಇಂಗ್ಲಿಷ್ ಅಕ್ಷರಗಳ ಮುಂದೆ ಕ್ರಮಸಂಖ್ಯೆ ಕೊಡುವ ಪದ್ಧತಿ ಬಂತು. ಸಂಖ್ಯೆ ಸುಮಾರು ಮೂರೂವರೆ ಲಕ್ಷದೊಳಗಿದ್ದರೆ ವಿನ್ಯಾಸ 1900ಕ್ಕಿಂತ ಹಿಂದಿನದು. ಇವು ವಿನ್ಯಾಸದ ದಿನಾಂಕಗಳೇ ಹೊರತು ಆ ವಸ್ತು ತಯಾರಾದ ದಿನಾಂಕಗಳಲ್ಲ, ಏಕೆಂದರೆ ಒಂದು ಅಚ್ಚು ಹಲವು ವರ್ಷ ಕೆಲಸ ಮಾಡುತ್ತಿತ್ತು.

‘ಚೆಕೊಸ್ಲೊವಾಕಿಯ’ ಎಂಬ ಹೆಸರಿದ್ದರೆ ವಸ್ತು 1918ಕ್ಕೆ ಹಿಂದಿನದಾಗಿರಲು ಸಾಧ್ಯವೇ ಇಲ್ಲ, ಏಕೆಂದರೆ ಆ ದೇಶ ಹುಟ್ಟಿದ್ದೇ ಆಗ. ‘ಆಕ್ರಮಿತ ಜಪಾನ್’ ಎಂಬ ಅರ್ಥದ ಮುದ್ರೆ ಎರಡನೆಯ ಮಹಾಯುದ್ಧದ ಅನಂತರದ ಕೆಲವೇ ವರ್ಷಗಳದು, 1952ರ ಬಳಿಕ ಇರದು. ‘ಪಶ್ಚಿಮ ಜರ್ಮನಿ’ ಎಂದಿದ್ದರೆ 1949 ಮತ್ತು 1990ರ ನಡುವಿನದು.

ಫ್ರಾನ್ಸಿನ ಗಾಲೆ, ಡೋಮ್, ಲಾಲೀಕ್ ಹೆಸರುಗಳು ಕಂಡಾಗ ಸಂತೋಷಕ್ಕಿಂತ ಮೊದಲು ಸಂದೇಹ ಹುಟ್ಟಬೇಕು. ಎಮಿಲ್ ಗಾಲೆ 1904ರಲ್ಲಿ ತೀರಿಕೊಂಡನು, ಆ ಹೆಸರಿನ ಅನುಕರಣೆಗಳು ಅಪಾರ ಸಂಖ್ಯೆಯಲ್ಲಿ ತಯಾರಾಗಿವೆ. ರೆನೆ ಲಾಲೀಕನ ಕಾಲದ ವಸ್ತುಗಳಲ್ಲಿ ಹೆಸರಿನ ಮುಂದೆ ‘ಆರ್’ ಅಕ್ಷರವಿರುತ್ತಿತ್ತು. 1945ರಲ್ಲಿ ಅವನು ತೀರಿಕೊಂಡ ಅನಂತರದ ವಸ್ತುಗಳಲ್ಲಿ ಅದಿಲ್ಲ. ಹೆಸರನ್ನು ಸುಲಭವಾಗಿ ಕೊರೆಯಬಹುದು, ಕೆಲಸದ ಗುಣವನ್ನು ಕೊರೆದು ತರಲಾಗದು. ಆದ್ದರಿಂದ ಹೆಸರು ಓದುವ ಮೊದಲು ಕೆಲಸ ನೋಡಬೇಕು.

ಸ್ವದೇಶಿ ಗಾಜನ್ನು ಕಡೆಗಣಿಸಬಾರದು

ವಿದೇಶಿ ಎಂದೊಡನೆ ಹೆಚ್ಚು, ದೇಶೀಯ ಎಂದೊಡನೆ ಕಡಿಮೆ ಎಂಬ ಎಣಿಕೆ ಇಲ್ಲಿ ನಡೆಯದು. ಸ್ವದೇಶಿ ಚಳವಳಿಯ ಕಾಲದಲ್ಲಿ, 1908ರಲ್ಲಿ, ಪೈಸಾ ಪೈಸಾ ಚಂದಾ ಕೂಡಿಸಿದ ಹಣದಿಂದ ಪುಣೆ ಬಳಿಯ ತಳೇಗಾಂವ್‌ನಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಆರಂಭವಾಯಿತು. ಉತ್ತರ ಪ್ರದೇಶದ ಫಿರೋಜಾಬಾದ್ ಬಳೆಯ ಊರೆಂದೇ ಪ್ರಸಿದ್ಧ. ಅಲ್ಲಿಯ ಜೈನ್ ಗ್ಲಾಸ್ ವರ್ಕ್ಸ್ 20ನೆಯ ಶತಮಾನದ ಮಧ್ಯಭಾಗದಲ್ಲಿ ತಯಾರಿಸಿದ ಅಚ್ಚಿನ ಹೂದಾನಿಗಳು ದೇಶದ ಮಧ್ಯಮ ವರ್ಗದ ಮನೆಗಳಿಗೆ ಹರಡಿದವು. ಎಣ್ಣೆಯ ಮೇಲೆ ಬಿಸಿಲು ಬಿದ್ದಂತೆ ಕಿತ್ತಳೆ-ಹೊನ್ನಿನ ಬಣ್ಣಗಳು ಮಿನುಗುವ ಮೈ, ಹೂದಾನಿಯನ್ನು ಹಿಡಿದ ಕೈ, ಮೀನು, ಆನೆಯ ಸೊಂಡಿಲು ಮುಂತಾದ ಆಕೃತಿಗಳು, ಮೈಮೇಲೆ ಉಬ್ಬಕ್ಷರದಲ್ಲಿ ‘ಜೈನ್’ ಎಂಬ ಇಂಗ್ಲಿಷ್ ಹೆಸರು, ಇವು ಅದರ ಗುರುತುಗಳು. ಇಂತಹ ಮಿನುಗು ಗಾಜನ್ನು ಕಾರ್ನಿವಲ್ ಗಾಜು ಎನ್ನುತ್ತಾರೆ. ಆಸ್ಟ್ರೇಲಿಯ, ಇಂಗ್ಲೆಂಡ್, ಅಮೆರಿಕಗಳ ಸಂಗ್ರಾಹಕರಲ್ಲಿ ಭಾರತದ ಈ ಗಾಜಿಗೆ ಪ್ರತ್ಯೇಕ ಆಸಕ್ತಿಯಿದೆ. ದೇವರ ಗೂಡಿನ ಪಕ್ಕದಲ್ಲಿ ಕಾಗದದ ಹೂ ತುಂಬಿ ನಿಂತಿರುವ ಇಂತಹ ಜೋಡಿಯನ್ನು ಗುಜರಿಗೆ ಕೊಡುವ ಮುನ್ನ ತಳ, ಮೈ ಎರಡನ್ನೂ ತಿರುಗಿಸಿ ನೋಡುವುದು ಒಳಿತು.

ಸ್ಥಿತಿ ಮತ್ತು ಜೋಡಿ

ಗಾಜಿನ ವಿಷಯದಲ್ಲಿ ಸ್ಥಿತಿಯೇ ಬೆಲೆಯ ಅರ್ಧ. ಬಾಯಂಚಿನಲ್ಲಿ ಎದ್ದ ಸಣ್ಣ ಚಕ್ಕೆ ಬೆಲೆಯನ್ನು ಗಣನೀಯವಾಗಿ ಇಳಿಸುತ್ತದೆ, ಮೈಯಲ್ಲಿ ಓಡಿದ ಬಿರುಕು ಸಾಧಾರಣ ವಸ್ತುವಿನ ಬೆಲೆಯನ್ನು ಬಹುತೇಕ ಮುಗಿಸಿಬಿಡುತ್ತದೆ. ಒಡೆದ ಬಾಯನ್ನು ಸಾಣೆ ಹಿಡಿದು ಸಮ ಮಾಡಿರುವುದುಂಟು. ಊದಿದ ಗಾಜಿನ ಬಾಯಂಚು ಬೆಂಕಿಯಲ್ಲಿ ಕರಗಿ ದುಂಡಾಗಿರಬೇಕಾದ ಕಡೆ ಚಪ್ಪಟೆಯಾಗಿದ್ದರೆ, ಅಥವಾ ಮೇಲಿನ ಚಿತ್ತಾರ ಅರ್ಧಕ್ಕೆ ತುಂಡಾದಂತೆ ಕಂಡರೆ, ಎತ್ತರ ಕುಗ್ಗಿಸಿರುವುದು ನಿಶ್ಚಯ. ನೀರು ಬಹುಕಾಲ ನಿಂತು ಒಳಗೆ ಬಿಳಿಯ ಮಂಜು ಹಿಡಿದಿದ್ದರೆ ಎರಡು ಸಾಧ್ಯತೆಗಳಿವೆ. ಅದು ಗಡಸು ನೀರಿನ ಸುಣ್ಣದ ಪೊರೆಯಾಗಿದ್ದರೆ ಹೋಗುತ್ತದೆ, ಗಾಜಿನ ಮೈಯೇ ಕೊರೆದುಹೋಗಿದ್ದರೆ ತೊಳೆದು ಹೋಗುವಂತಹುದಲ್ಲ.

ಹೂದಾನಿಗಳನ್ನು ಹೆಚ್ಚಾಗಿ ಜೋಡಿಯಾಗಿಯೇ ತಯಾರಿಸಿ ಮಾರುತ್ತಿದ್ದರು. ಸರಿಹೊಂದುವ ಜೋಡಿಯ ಬೆಲೆ ಒಂಟಿಯ ಬೆಲೆಯ ಎರಡರಷ್ಟಕ್ಕಿಂತ ಹೆಚ್ಚು. ಪಾಲುಪಾರೀಕತ್ತಿನ ವೇಳೆ ಅಣ್ಣನಿಗೊಂದು ತಮ್ಮನಿಗೊಂದು ಎಂದು ಜೋಡಿಯನ್ನು ಅಗಲಿಸುವುದು ನ್ಯಾಯವಾಗಿ ಕಂಡರೂ ಇಬ್ಬರಿಗೂ ನಷ್ಟ. ಜೋಡಿಯನ್ನು ಒಬ್ಬರಿಗೆ ಬಿಟ್ಟು ಇನ್ನೊಬ್ಬರ ಪಾಲನ್ನು ಹಣದಲ್ಲೋ ಬೇರೆ ವಸ್ತುವಿನಲ್ಲೋ ಸರಿದೂಗಿಸುವುದು ಜಾಣತನ. ಒಟ್ಟು ಕುಟುಂಬದ ವಸ್ತುವನ್ನು ಕೊಳ್ಳುವ ವರ್ತಕರು ಎಲ್ಲ ವಾರಸುದಾರರ ಒಪ್ಪಿಗೆಯ ಸಹಿ ಪಡೆದುಕೊಂಡರೆ ಮುಂದೆ ತಕರಾರಿಗೆ ಎಡೆಯಿರುವುದಿಲ್ಲ.

ಬೆಲೆ ಎಂದರೆ ಯಾವ ಬೆಲೆ?

ಒಂದೇ ಹೂದಾನಿಗೆ ಏಕಕಾಲದಲ್ಲಿ ಹಲವು ಬೆಲೆಗಳಿರುತ್ತವೆ, ಅವೆಲ್ಲವೂ ಸರಿಯಾದವೇ. ವರ್ತಕನು ತನ್ನ ಲಾಭ, ಬಂಡವಾಳದ ಬಡ್ಡಿ, ಒಡೆಯುವ ಅಪಾಯಗಳನ್ನು ಕಳೆದು ಕೊಡುವುದು ಕೊಳ್ಳುವ ಬೆಲೆ. ಅಂಗಡಿಯಲ್ಲಿ ಗಿರಾಕಿ ಕೊಡುವುದು ಚಿಲ್ಲರೆ ಬೆಲೆ. ಹರಾಜಿನಲ್ಲಿ ಕೂಗಿದ್ದು ಕೂಗಿನ ಬೆಲೆ, ಅದರ ಮೇಲೆ ಕೊಳ್ಳುವವನು ಹರಾಜು ಸಂಸ್ಥೆಗೆ ಶುಲ್ಕ ಕೊಡಬೇಕು, ಮಾರುವವನ ಕೈಗೆ ದಲ್ಲಾಳಿ ಕಳೆದು ಸಿಗುತ್ತದೆ. ವಸ್ತು ಹಾಳಾದರೆ ಅಂತಹುದನ್ನೇ ಮತ್ತೆ ಕೊಳ್ಳಲು ತಗಲುವುದು ವಿಮೆಯ ಬೆಲೆ, ಇದು ಎಲ್ಲಕ್ಕಿಂತ ಹೆಚ್ಚು. ವಿಮೆಗಾಗಿ ಕಟ್ಟಿದ ಬೆಲೆಯನ್ನು ತೋರಿಸಿ ಅಷ್ಟೇ ಹಣಕ್ಕೆ ಮಾರಲು ಹೊರಡುವುದರಿಂದಲೇ ಎಷ್ಟೋ ವ್ಯವಹಾರಗಳು ಮುರಿಯುತ್ತವೆ.

ಅಂತರಜಾಲದ ಬೆಲೆಗಳಲ್ಲಿಯೂ ವಿವೇಚನೆ ಬೇಕು. ಮಾರುವವನು ಕೇಳುತ್ತಿರುವ ಬೆಲೆ ಬೆಲೆಯಲ್ಲ, ಅದು ಆಸೆ. ಮಾರಾಟ ಮುಗಿದ ವಸ್ತುಗಳ ದರಗಳನ್ನು ಮಾತ್ರ ಆಧಾರವಾಗಿ ತೆಗೆದುಕೊಳ್ಳಬೇಕು. ತಯಾರಕ, ಎತ್ತರ, ಬಣ್ಣ, ಸ್ಥಿತಿ, ಒಂಟಿ ಅಥವಾ ಜೋಡಿ ಎಂಬ ಐದೂ ಅಂಶಗಳಲ್ಲಿ ಹೋಲುವ ಕನಿಷ್ಠ ಮೂರು ಮಾರಾಟಗಳನ್ನು ನೋಡಿ, ಅವುಗಳಲ್ಲಿ ಅತಿ ಹೆಚ್ಚಿನದನ್ನು ಬದಿಗಿಡುವುದು ಕ್ಷೇಮ. ಲಂಡನ್ನಿನ ಹರಾಜು ದರವನ್ನು ರೂಪಾಯಿಗೆ ಪರಿವರ್ತಿಸಿ ಹುಣಸೂರಿನಲ್ಲಿ ಅದೇ ಬೆಲೆ ನಿರೀಕ್ಷಿಸಲಾಗದು. ಅದಕ್ಕೆ ಕಾರಣ ಸ್ಥಳೀಯ ಗಿರಾಕಿಯ ಕೊರತೆಯಷ್ಟೇ ಅಲ್ಲ, ಕಾಯಿದೆಯೂ ಹೌದು.

ನೂರು ವರ್ಷದ ಗೆರೆ

1972ರ ಪುರಾವಸ್ತುಗಳು ಮತ್ತು ಕಲಾ ನಿಧಿಗಳ ಕಾಯಿದೆ 1976ರ ಏಪ್ರಿಲ್ 5ರಂದು ಜಾರಿಗೆ ಬಂದಿತು. ಅದರ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿ ಅಥವಾ ಕುಶಲಕೃತಿ ಪುರಾವಸ್ತು ಎನಿಸುತ್ತದೆ. ವಸ್ತು ಭಾರತದಲ್ಲಿಯೇ ತಯಾರಾಗಿರಬೇಕು ಎಂಬ ಷರತ್ತು ಆ ವ್ಯಾಖ್ಯೆಯಲ್ಲಿಲ್ಲ. ಈ ಗೆರೆ ವರ್ಷದಿಂದ ವರ್ಷಕ್ಕೆ ಮುಂದೆ ಸರಿಯುತ್ತದೆ. 1925ರಲ್ಲಿ ತಯಾರಾದ ಹೂದಾನಿಗೆ 2025ರಲ್ಲಿ ನೂರು ತುಂಬಿತು. ಪುರಾವಸ್ತುವನ್ನು ಖಾಸಗಿಯವರು ವಿದೇಶಕ್ಕೆ ರಫ್ತು ಮಾಡುವಂತಿಲ್ಲ, ಮಾಡಿದರೆ ಸೆರೆವಾಸದ ಶಿಕ್ಷೆಯುಂಟು. ವಿದೇಶದಲ್ಲಿರುವ ಮಗನಿಗೋ ಮಗಳಿಗೋ ಅಜ್ಜಿಯ ಹೂದಾನಿ ಕಳುಹಿಸಬೇಕೆನ್ನುವವರೂ ಇದನ್ನು ಗಮನಿಸಬೇಕು. ಆದ್ದರಿಂದ ನೂರು ದಾಟಿದ ಗಾಜಿಗೆ ದೇಶದೊಳಗಿನ ಬೇಡಿಕೆಯೇ ಬೆಲೆ ನಿರ್ಧರಿಸುತ್ತದೆ.

ಪುರಾವಸ್ತುಗಳನ್ನು ಮಾರುವ ವ್ಯಾಪಾರ ನಡೆಸಲು ಅದೇ ಕಾಯಿದೆಯಡಿ ಪರವಾನಗಿ ಬೇಕು. ಕುಟುಂಬವೊಂದು ತನ್ನ ಮನೆಯ ಒಂದು ವಸ್ತುವನ್ನು ಮಾರುವುದು ವ್ಯಾಪಾರವಲ್ಲ. ಆದರೆ ಮನೆಮನೆ ಸುತ್ತಿ ಕೊಂಡು ಮಾರುವವನ ಕೆಲಸ ವ್ಯಾಪಾರವೇ. ಕಡ್ಡಾಯ ನೋಂದಣಿಗೆ ಅಧಿಸೂಚಿತವಾಗಿರುವ ವರ್ಗಗಳು ಶಿಲ್ಪಗಳು, ವರ್ಣಚಿತ್ರಗಳು, ಸಚಿತ್ರ ಹಸ್ತಪ್ರತಿಗಳು ಮತ್ತು ಮರದ ಕೆತ್ತನೆಗಳು. ಗಾಜಿನ ಹೂದಾನಿ ಆ ಪಟ್ಟಿಯಲ್ಲಿಲ್ಲ. ನೂರು ತುಂಬದ ವಸ್ತುವನ್ನು ರಫ್ತು ಮಾಡುವವರು, ನೋಟಕ್ಕೆ ಹಳೆಯದಾಗಿ ಕಾಣುವುದಾದರೆ, ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯಿಂದ ‘ಪುರಾವಸ್ತುವಲ್ಲ’ ಎಂಬ ಪ್ರಮಾಣಪತ್ರ ಪಡೆದರೆ ಸುಂಕದ ಕಟ್ಟೆಯಲ್ಲಿ ತೊಂದರೆಯಾಗದು. ಫಿರೋಜಾಬಾದಿನ ಮಿನುಗು ಹೂದಾನಿಗಳ ವಿಷಯದಲ್ಲಿ ಸಣ್ಣ ವರ್ತಕರಿಗಿರುವ ಅವಕಾಶ ಇಲ್ಲಿಯೇ.

ತೆರಿಗೆಯ ಲೆಕ್ಕ

ಸರಕು ಮತ್ತು ಸೇವಾ ತೆರಿಗೆಯಲ್ಲಿ ನೂರು ವರ್ಷ ಮೀರಿದ ಪುರಾತನ ವಸ್ತುಗಳ ದರ 12 ಶೇಕಡ ಇದ್ದದ್ದು 2025ರ ಸೆಪ್ಟೆಂಬರ್ 22ರಿಂದ 5 ಶೇಕಡಕ್ಕೆ ಇಳಿಯಿತು. ಅಷ್ಟು ಹಳೆಯದಲ್ಲದ ಅಲಂಕಾರದ ಗಾಜಿಗೆ 18 ಶೇಕಡ. ಹೀಗಾಗಿ ವಯಸ್ಸು ತೆರಿಗೆಯ ಪ್ರಶ್ನೆಯೂ ಆಗಿದೆ, ಕಡಿಮೆ ದರ ಹಾಕುವ ವರ್ತಕನ ಬಳಿ ವಯಸ್ಸಿಗೆ ಲಿಖಿತ ಆಧಾರವಿರಬೇಕು. ಬಳಸಿದ ವಸ್ತುಗಳನ್ನು ಕೊಂಡು ಮಾರುವ ನೋಂದಾಯಿತ ವರ್ತಕರು, ಹೂಡುವಳಿ ತೆರಿಗೆ ಜಮೆ ಪಡೆಯದಿದ್ದಲ್ಲಿ, ಕೊಂಡ ಬೆಲೆ ಮತ್ತು ಮಾರಿದ ಬೆಲೆಗಳ ಅಂತರದ ಮೇಲಷ್ಟೇ ತೆರಿಗೆ ಕಟ್ಟುವ ವಿಧಾನವನ್ನು ಅನುಸರಿಸಬಹುದು. ಉದಾಹರಣೆಗೆ, 8,000 ರೂ.ಗೆ ಕೊಂಡು 14,000 ರೂ.ಗೆ ಮಾರಿದರೆ ಅಂತರ 6,000 ರೂ. ಅದರ ಮೇಲೆ 5 ಶೇಕಡವಾದರೆ 300 ರೂ., 18 ಶೇಕಡವಾದರೆ 1,080 ರೂ. ಈ ಅನುಕೂಲ ಬೇಕಾದರೆ ಕೊಂಡದ್ದಕ್ಕೆ ಹೆಸರು, ವಿಳಾಸ, ಸಹಿ ಸಹಿತವಾದ ಚೀಟಿ ಇಟ್ಟಿರುವುದು ಅಗತ್ಯ.

ವಾರಸಿನಿಂದ ವಸ್ತು ಬಂದದ್ದಕ್ಕೆ ತೆರಿಗೆಯಿಲ್ಲ, ಎಸ್ಟೇಟ್ ಸುಂಕ 1985ರಲ್ಲಿಯೇ ರದ್ದಾಯಿತು. ಮಾರಿದಾಗ ಬರುವ ಲಾಭದ ಪ್ರಶ್ನೆ ಬೇರೆ. ಮನೆಬಳಕೆಯ ವೈಯಕ್ತಿಕ ವಸ್ತುಗಳಿಗೆ ಬಂಡವಾಳ ಲಾಭದ ತೆರಿಗೆಯಿಂದ ವಿನಾಯಿತಿಯಿದೆ, ಕಲಾಕೃತಿಗಳಿಗೆ ಇಲ್ಲ. ಸಾಧಾರಣ ಹೂದಾನಿ ಮೊದಲ ವರ್ಗಕ್ಕೂ ಹೆಸರಾಂತ ಕಲಾವಿದನ ಕೃತಿ ಎರಡನೆಯ ವರ್ಗಕ್ಕೂ ಸೇರಬಹುದು. ಎರಡನೆಯದಾದರೆ 2001ರ ಏಪ್ರಿಲ್ 1ರಂದು ಇದ್ದ ಮಾರುಕಟ್ಟೆ ಬೆಲೆಯನ್ನು ಮೂಲಬೆಲೆಯಾಗಿ ತೆಗೆದುಕೊಳ್ಳಲು ಅವಕಾಶವಿದೆ. ದೊಡ್ಡ ಮೊತ್ತದ ಮಾರಾಟಕ್ಕೆ ಮುನ್ನ ಲೆಕ್ಕಪರಿಶೋಧಕರನ್ನು ಕೇಳುವುದು ವಿಹಿತ.

ತೊಳೆಯುವುದು, ದಾಖಲಿಸುವುದು

ಮಾರುವ ಉತ್ಸಾಹದಲ್ಲಿ ಹಿತ್ತಾಳೆ ಪಾತ್ರೆಯಂತೆ ಹುಣಸೆಹಣ್ಣು, ಬೂದಿ, ತೆಂಗಿನ ನಾರು ಹಾಕಿ ತಿಕ್ಕಿದರೆ ಚಿನ್ನದ ಗೆರೆಯೂ ಎನಾಮೆಲ್ ಬಣ್ಣವೂ ಒಂದೇ ದಿನದಲ್ಲಿ ಹೋಗುತ್ತವೆ. ಪ್ಲಾಸ್ಟಿಕ್ ಬೋಗುಣಿಯಲ್ಲಿ ಬಟ್ಟೆ ಹಾಸಿ, ಉಗುರುಬೆಚ್ಚಗಿನ ನೀರಿನಲ್ಲಿ ಮೃದುವಾದ ಸಾಬೂನು ಬೆರೆಸಿ, ಒಂದೊಂದನ್ನೇ ತೊಳೆದು, ಒಳಗೂ ತೇವ ಉಳಿಯದಂತೆ ಒಣಗಿಸಬೇಕು. ಚಿನ್ನವಾಗಲಿ ಬಣ್ಣವಾಗಲಿ ಇಲ್ಲದ ಗಾಜಿನ ಸುಣ್ಣದ ಪೊರೆಗೆ ನೀರು ಬೆರೆಸಿದ ವಿನೆಗರ್ ಸಾಕು. ಮಳೆಗಾಲದಲ್ಲಿ ತೇವ ಹಿಡಿಯುವ ವೃತ್ತಪತ್ರಿಕೆಯಲ್ಲಿ ಸುತ್ತಿ ಅಟ್ಟದಲ್ಲಿಡಬಾರದು.

ಪ್ರತಿಯೊಂದು ವಸ್ತುವಿಗೂ ಒಂದು ಹಾಳೆಯಷ್ಟು ದಾಖಲೆ ಮಾಡಿಡುವುದು ಉತ್ತಮ. ಎತ್ತರ, ಬಾಯಿಯ ಅಗಲ, ತೂಕ, ನಾಲ್ಕು ಕಡೆಯ ಹಾಗೂ ತಳದ ಛಾಯಾಚಿತ್ರ, ಮುದ್ರೆ, ಊನಗಳು, ಮನೆಗೆ ಬಂದ ಬಗೆ ಇವಿಷ್ಟು ಅದರಲ್ಲಿರಬೇಕು. ಹಳೆಯ ಅಂಗಡಿ ರಸೀದಿ, ಉಯಿಲಿನ ಒಂದು ಸಾಲು, ಅಜ್ಜನ ಮದುವೆಯ ಚಿತ್ರದ ಹಿನ್ನೆಲೆಯಲ್ಲಿ ಅದೇ ಹೂದಾನಿ ನಿಂತಿರುವುದು, ಇವು ವಯಸ್ಸಿಗೂ ಒಡೆತನಕ್ಕೂ ಏಕಕಾಲಕ್ಕೆ ಸಾಕ್ಷಿ. ಮನೆ ಕೆಡಹುವಾಗ ಚಿತ್ರಪಟಗಳನ್ನೂ ಕಾಗದದ ಕಟ್ಟುಗಳನ್ನೂ ಮೊದಲು ತೆಗೆದಿಡಬೇಕಾದುದು ಇದೇ ಕಾರಣಕ್ಕೆ.

ಕಣ್ಣನ್ನು ಪಳಗಿಸಲು ಒಳ್ಳೆಯ ಗಾಜನ್ನು ನೋಡುವುದೇ ದಾರಿ. ಹೈದರಾಬಾದಿನ ಸಾಲಾರ್‌ಜಂಗ್ ಸಂಗ್ರಹಾಲಯದಲ್ಲಿ ಯೂರೋಪಿನ ಗಾಜಿಗೆಂದೇ ವಿಭಾಗವಿದೆ. ಈ ಭಾಗದ ಮನೆಗಳಲ್ಲಿ ಸಿಗುವ ಹೂದಾನಿಗಳಲ್ಲಿ ಹೆಚ್ಚಿನವು ಸಾಧಾರಣ ಬೆಲೆಯವೇ ಆಗಿರುತ್ತವೆ, ಕೆಲವಷ್ಟೇ ವಿಶೇಷವಾದವು. ಯಾವುದು ಎಂತಹುದು ಎಂದು ತಿಳಿದು ಸಾಧಾರಣವಾದದ್ದಕ್ಕೆ ಸಾಧಾರಣ ಬೆಲೆಯನ್ನೂ ವಿಶೇಷವಾದದ್ದಕ್ಕೆ ತಕ್ಕ ಬೆಲೆಯನ್ನೂ ಹೇಳುವ ವರ್ತಕನ ಬಳಿಗೆ, ಮನೆ ಬಿಚ್ಚುವ ಮುಂದಿನ ಕುಟುಂಬ ತಾನಾಗಿಯೇ ಬರುತ್ತದೆ.